ಮೂರು ಕಾಲಿನ ಟ್ಯಾಂಕ್ ಪಾನಾ: ಪ್ಲಾಸ್ಟಿಕ್ ರಿಂಗಿಗೆ ಸೈ, ಲೋಹದ ರಿಂಗಿಗೆ ಬೇಡ

ಕಾರಿನ ಹಿಂದಿನ ಸೀಟು ಎತ್ತಿ ಫ್ಯೂಯೆಲ್ ಪಂಪ್ ತೆಗೆಯುವಾಗ ಅನೇಕ ಗ್ಯಾರೇಜುಗಳಲ್ಲಿ ಇವತ್ತಿಗೂ ಕೈಗೆ ಬರುವುದು ಉದ್ದನೆಯ ಸ್ಕ್ರೂಡ್ರೈವರ್ ಮತ್ತು ಸುತ್ತಿಗೆ. ಪಂಪನ್ನು ಟ್ಯಾಂಕಿನ ಬಾಯಿಗೆ ಬಿಗಿದಿಡುವ ಲಾಕ್ ರಿಂಗಿನ ಹಲ್ಲಿಗೆ ತುದಿ ಕೊಟ್ಟು ನಾಲ್ಕು ಏಟು ಹಾಕಿದರೆ ರಿಂಗು ತಿರುಗುತ್ತದೆ, ಇಲ್ಲವೆನ್ನುವಂತಿಲ್ಲ. ಹಲ್ಲು ಮುರಿದರೆ ಹೊಸ ರಿಂಗಿನ ಖರ್ಚು. ಕಿಡಿ ಹಾರಿದರೆ? ಪೆಟ್ರೋಲು ಮೈನಸ್ 40 ಡಿಗ್ರಿ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ಆ ಆವಿ ಶೇ 1.4ರಷ್ಟು ಬೆರೆತರೆ ಸಾಕು.

ಸುತ್ತಿಗೆ ಕೆಳಗಿಡಿಸುವ ಸಾಧನವೇ ಈ ಮೂರು ಕಾಲಿನ ಪಾನಾ. ಬೆಂಗಳೂರಿನ ಎಸ್‌.ಜೆ.ಪಿ. ರಸ್ತೆಯಂಥ ಕಡೆ, ಆನ್‌ಲೈನಿನಲ್ಲಿ, ಹೆಸರಿಲ್ಲದ ಹತ್ತಾರು ನಮೂನೆಗಳಿವೆ. ಎಲ್ಲದರ ರಚನೆಯೂ ಒಂದೇ: ನಡುವೆ ಅರ್ಧ ಇಂಚಿನ ಚೌಕದ ತೂತು, ಸುತ್ತ ಮೂರು ತೋಳು, ತೋಳಿನ ಸೀಳಿನಲ್ಲಿ ಜಾರುವ ಮೂರು ಕಾಲು. ಸಾಮಾನ್ಯ ಅಳತೆ 89ರಿಂದ 170 ಮಿ.ಮೀ. ಕಾರುಗಳಲ್ಲಿ ಕಾಣುವ ಹೆಚ್ಚಿನ ಪ್ಲಾಸ್ಟಿಕ್ ರಿಂಗುಗಳು ಇದರೊಳಗೆ ಬರುತ್ತವೆ.

ಕೊಳ್ಳುವಾಗ ನೋಡಬೇಕಾದದ್ದು ಕಾಲುಗಳನ್ನು. ತೆಳು ತಗಡು ಬಗ್ಗಿಸಿ ಮಾಡಿದ ಕಾಲು, ರಿಂಗು ಬಿಗಿಯಿದ್ದರೆ ಹೊರಕ್ಕೆ ಹಿಗ್ಗಿ ಜಾರುತ್ತದೆ. ಜಾರಿದಾಗ ಹೋಗುವುದು ಪಕ್ಕದ ಪೈಪ್ ಕನೆಕ್ಟರ್. ದಪ್ಪ ಉಕ್ಕಿನ ಕಾಲು, ತೋಳಿನ ಮೇಲೆ ಕೊರೆದ ಅಳತೆಗೆರೆ ಇರುವುದನ್ನೇ ಆರಿಸಿ. ಗೆರೆ ಅಲಂಕಾರಕ್ಕಲ್ಲ. ಮೂರೂ ಕಾಲು ಒಂದೇ ಗೆರೆಗೆ ನಿಲ್ಲದಿದ್ದರೆ ಪಾನಾ ನಡುವಿನಿಂದ ಸರಿದು ಒಂದೇ ಹಲ್ಲಿನ ಮೇಲೆ ಭಾರ ಬೀಳುತ್ತದೆ, ಬಿಗಿತ ಅಳೆಯುವ ಟಾರ್ಕ್ ರೆಂಚ್ ತೋರಿಸುವ ಲೆಕ್ಕವೂ ಸುಳ್ಳಾಗುತ್ತದೆ.

ಇದರ ಮಿತಿಯೂ ಸ್ಪಷ್ಟ. ತಗಡಿನ ಲಾಕ್ ರಿಂಗಿಗೆ, ಅದರಲ್ಲೂ ತುಕ್ಕು ಹಿಡಿದಿದ್ದರೆ, ಈ ಕಾಲು ಹಿಡಿತ ಕೊಡುವುದಿಲ್ಲ. ಅಲ್ಲಿ ರಿಂಗಿಗೆ ತಾಗಿಸಿ ಏಟು ಕೊಡುವ ಹಿತ್ತಾಳೆಯ ಮೊಂಡು ಸಲಾಕೆಯೇ (ಡ್ರಿಫ್ಟ್) ಸರಿ. ಸೀಟಿನಡಿಯ ಕಿಂಡಿ ರಿಂಗಿಗಿಂತ ಕೂದಲೆಳೆಯಷ್ಟೇ ದೊಡ್ಡದಿದ್ದರೆ ಕಾಲು ಇಳಿಯುವುದೇ ಇಲ್ಲ. ಕಿಂಡಿಯೇ ಇಲ್ಲದ ಮಾದರಿಗಳಲ್ಲಿ ಮೊದಲು ಟ್ಯಾಂಕನ್ನೇ ಇಳಿಸಬೇಕು.

ಪಾನಾದ ಕೆಲಸ ಒಂದೆರಡು ನಿಮಿಷದ್ದು. ಬೆಂಕಿಯಿಂದ ಕಾಯುವುದು ಅದಕ್ಕೂ ಮೊದಲಿನ ತಯಾರಿ. ಟ್ಯಾಂಕ್ ಕಾಲು ಭಾಗಕ್ಕಿಂತ ಕಡಿಮೆ ಇರಲಿ. ಪಂಪಿನ ಫ್ಯೂಸ್ ಅಥವಾ ರಿಲೇ ಕಿತ್ತು ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಮತ್ತೆರಡು ಸೆಕೆಂಡ್ ಸೆಲ್ಫ್ ಹೊಡೆಯಿರಿ; ಲೈನಿನಲ್ಲಿರುವ 3-4 ಬಾರ್ ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿ. ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂರುತ್ತದೆ, ಹಾಗಾಗಿ ಗ್ಯಾರೇಜಿನ ಗುಂಡಿಯ ಮೇಲೆ ಕಾರು ನಿಲ್ಲಿಸಿ ಈ ಕೆಲಸ ಬೇಡ. ಬಯಲಿನಲ್ಲಿ ನಿಲ್ಲಿಸಿ, ಎಲ್ಲ ಬಾಗಿಲು ತೆರೆಯಿರಿ, ಪುಡಿಯ ಅಗ್ನಿಶಾಮಕ ಕೈಗೆಟುಕುವಂತಿರಲಿ. ಬರಿಗೈಯಿಂದ ಕಾರಿನ ಲೋಹದ ಮೈ ಮುಟ್ಟಿ, ಮೈಯಲ್ಲಿನ ಸ್ಥಿರ ವಿದ್ಯುತ್ತು ಹೋದ ಮೇಲೆ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ. ರಿಂಗಿನ ಸುತ್ತಲ ಧೂಳನ್ನು ಬ್ರಷ್ಷು, ಒದ್ದೆ ಬಟ್ಟೆಯಿಂದ ತೆಗೆಯಿರಿ. ವ್ಯಾಕ್ಯೂಮ್ ಕ್ಲೀನರ್ ಹತ್ತಿರ ತರಬೇಡಿ, ಅದರ ಮೋಟರೇ ಕಿಡಿ ಕೊಡುತ್ತದೆ.

ವೈರು, ಪೈಪು ಬಿಚ್ಚಿ, ರಿಂಗು ಮತ್ತು ಟ್ಯಾಂಕಿನ ಮೇಲೆ ಎದುರುಬದುರು ಗುರುತು ಹಾಕಿಕೊಂಡು ಪಾನಾ ಕೂರಿಸಿ ಎಡಕ್ಕೆ ತಿರುಗಿಸಿ. ಜಗ್ಗದಿದ್ದರೆ ಉದ್ದ ಪೈಪು ಸಿಕ್ಕಿಸಿ ಎಳೆಯಬೇಡಿ; ಸ್ವಲ್ಪ ಬಲಕ್ಕೆ, ಮತ್ತೆ ಎಡಕ್ಕೆ, ಹೀಗೆ ಅಲುಗಾಡಿಸಿದರೆ ಬಿಡುತ್ತದೆ. ರಿಂಗು ಸಡಿಲವಾಗುತ್ತಲೇ ಒಳಗಿನ ಸ್ಪ್ರಿಂಗು ಪಂಪನ್ನು ಮೇಲಕ್ಕೆ ನೂಕುತ್ತದೆ, ಒಂದು ಕೈ ಅದರ ಮೇಲಿರಲಿ. ನೇರವಾಗಿ ಎಳೆದರೆ ಪೆಟ್ರೋಲಿನ ಮಟ್ಟ ಅಳೆಯುವ ಫ್ಲೋಟಿನ ತಂತಿ ಬಾಗುತ್ತದೆ, ಆಮೇಲೆ ಮೀಟರ್ ಹೇಳಿದ್ದೆಲ್ಲ ತಪ್ಪು. ಓರೆ ಮಾಡಿ ತೆಗೆಯಿರಿ, ಕೆಳಗಿನ ಬಟ್ಟಲಿನಲ್ಲಿ ಉಳಿದ ಪೆಟ್ರೋಲು ಟ್ಯಾಂಕಿಗೇ ಸುರಿಯಲಿ.

ಸೋರದಂತೆ ತಡೆಯುವ ಹಳೆಯ ರಬ್ಬರ್ ಬಳೆ, ಅಂದರೆ ಓ-ರಿಂಗ್, ಪೆಟ್ರೋಲು ಕುಡಿದು ಉಬ್ಬಿರುತ್ತದೆ, ತನ್ನ ತೋಡಿನಲ್ಲಿ ಮತ್ತೆ ಕೂರದು. ಹೊಸದನ್ನು ಮೊದಲೇ ತಂದಿಟ್ಟುಕೊಳ್ಳಿ. ಇದರಲ್ಲಿ ಉಳಿತಾಯ ಮಾಡುವವರನ್ನು ಕಂಡರೆ ಅಚ್ಚರಿಯಾಗುತ್ತದೆ. ತಿರುಪಿನ ರಿಂಗಾದರೆ ಮೊದಲು ಕೈಯಲ್ಲಿ ಎಡಕ್ಕೆ ತಿರುಗಿಸಿ, ಎಳೆ 'ಟಕ್' ಎಂದು ಕೂತ ಮೇಲೆ ಬಲಕ್ಕೆ. ಕೊನೆಯ ಬಿಗಿತಕ್ಕೆ ಮಾತ್ರ ಪಾನಾ, ಅದೂ ಆ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ. ನಂತರ ಬ್ಯಾಟರಿ, ಫ್ಯೂಸು ಜೋಡಿಸಿ ಕೀಲಿಯನ್ನು ಎರಡು-ಮೂರು ಸಲ ಆನ್-ಆಫ್ ಮಾಡಿ ಕನೆಕ್ಟರ್ ಬಳಿ ಒಸರುತ್ತಿದೆಯೇ ನೋಡಿ. ಆದರೆ ಓ-ರಿಂಗ್ ಮಡಚಿ ಕೂತಿದ್ದರೆ ಆಗ ಗೊತ್ತಾಗುವುದಿಲ್ಲ. ಟ್ಯಾಂಕ್ ಪೂರ್ತಿ ತುಂಬಿಸಿ, ಸೀಟು ಹಾಕುವ ಮುನ್ನ ರಿಂಗಿನ ಸುತ್ತ ಬೆರಳಾಡಿಸಿ ಒದ್ದೆಯಿದೆಯೇ ಪರೀಕ್ಷಿಸಿ.