ಆಟ, ಕೋಲ ಶೂಟ್ ಮಾಡಲು ಫೋನೋ, ಡಿಎಸ್‌ಎಲ್‌ಆರೋ?

ಕಾಸರಗೋಡಿನಿಂದ ಮಂಗಳೂರಿಗೆ ರೈಲಲ್ಲಿ ಹೋಗಿ ಬಂದು ಬಿವಿಎ (ದೃಶ್ಯಕಲೆಯ ಪದವಿ), ಮಲ್ಟಿಮೀಡಿಯಾ, ಪತ್ರಿಕೋದ್ಯಮ ಅಂತ ಓದುವವರಿಗೆ ಒಂದಲ್ಲ ಒಂದು ಸೆಮಿಸ್ಟರಿನಲ್ಲಿ ಡಾಕ್ಯುಮೆಂಟರಿ ಪ್ರಾಜೆಕ್ಟ್ ಬಂದೇ ಬರುತ್ತದೆ. ನಮ್ಮವರಿಗೆ ವಿಷಯಕ್ಕೆ ಬರವಿಲ್ಲ. ಯಕ್ಷಗಾನ ಪ್ರಸಂಗಗಳ ಕವಿ ಪಾರ್ತಿಸುಬ್ಬನ ಕುಂಬಳೆ ಪಕ್ಕದಲ್ಲೇ ಇದೆ. ದೀಪಾವಳಿ ಕಳೆದರೆ ಮೇ ಕೊನೆಗೆ ಬರುವ ಪತ್ತನಾಜೆವರೆಗೆ ಆಟ (ಯಕ್ಷಗಾನ), ಕೋಲ (ದೈವಾರಾಧನೆ), ಒತ್ತೆಕೋಲ (ದೈವ ಕೆಂಡಕ್ಕೆ ಬೀಳುವ ಕೋಲ) ಎಲ್ಲಾದರೂ ಒಂದು ಕಡೆ ಇದ್ದೇ ಇರುತ್ತದೆ. ತಲೆಬಿಸಿ ಶುರುವಾಗುವುದು ಆಮೇಲೆ. ಮನೆಯಲ್ಲಿ ಹೇಳಿ ಕ್ಯಾಮೆರಾ ತೆಗೆಸಿಕೊಳ್ಳಬೇಕಾ, ಕೈಯಲ್ಲಿರುವ ಫೋನೇ ಸಾಕಾ?

ನಾನು ಎರಡರಲ್ಲೂ ತೆಗೆದಿದ್ದೇನೆ. ಫೋನ್ ನನ್ನದೇ, ಮಧ್ಯಮ ಬೆಲೆಯ ಆಂಡ್ರಾಯ್ಡ್. ಕ್ಯಾಮೆರಾ ಕಾಲೇಜಿನದು, ಎಪಿಎಸ್-ಸಿ ಸೆನ್ಸರಿನ ಹಳೇ ಡಿಎಸ್‌ಎಲ್‌ಆರ್, ಜೊತೆಗೆ ಅದರೊಂದಿಗೇ ಬರುವ 18-55 ಎಂಎಂ ಕಿಟ್ ಲೆನ್ಸ್. ಗೆಳೆಯನ ಹತ್ತಿರದಿಂದ 50 ಎಂಎಂ ಎಫ್ 1.8 ಲೆನ್ಸ್ ಒಂದನ್ನು ಕಡ ತಂದಿದ್ದೆ (ಎಫ್ ಅಂಕಿ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ). ಉತ್ತರ ಮೊದಲೇ ಹೇಳಿಬಿಡುತ್ತೇನೆ. ಚೌಕಿಗೆ (ವೇಷ ಕಟ್ಟುವ ಜಾಗಕ್ಕೆ) ಫೋನ್, ಬೆಂಕಿಯ ಬೆಳಕಿಗೆ ಡಿಎಸ್‌ಎಲ್‌ಆರ್. ಆದರೆ ದುಡ್ಡು ಹಾಕುವುದಾದರೆ ಮೊದಲು ಎರಡಕ್ಕೂ ಬೇಡ, ಸೌಂಡಿಗೆ ಹಾಕಿ.

ಚೌಕಿಯಲ್ಲಿ ದೊಡ್ಡ ಕ್ಯಾಮೆರಾ ಹಿಡಿದು ನಿಂತರೆ ಎಲ್ಲರಿಗೂ ಅಡ್ಡ. ವೇಷಧಾರಿಗಳು ಸಾಲಾಗಿ ಕುಳಿತಿರುತ್ತಾರೆ, ಕಾಲಿಡಲು ಜಾಗ ಇರುವುದಿಲ್ಲ. ಫೋನ್ ಹಿಡಿದು ಮೂಲೆಯಲ್ಲಿ ಕೂತರೆ ಸ್ವಲ್ಪ ಹೊತ್ತಿಗೆ ನಮ್ಮನ್ನು ಮರೆತೇಬಿಡುತ್ತಾರೆ. ಬಣ್ಣದ ವೇಷದವರು (ರಾಕ್ಷಸ ಪಾತ್ರದವರು) ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚುಟ್ಟಿ (ಉಬ್ಬಿದ ಬಿಳಿ ಚುಕ್ಕೆ) ಇಡುವುದನ್ನು ಗೇಣು ದೂರದಿಂದ ತೆಗೆಯಲು ಫೋನಿಗೆ ಕಷ್ಟವೇ ಇಲ್ಲ. ಕಿಟ್ ಲೆನ್ಸ್ ಅಷ್ಟು ಹತ್ತಿರ ಹೋದರೆ ಫೋಕಸ್ ಹಿಡಿಯುವುದಿಲ್ಲ. ಟಾರ್ಚ್ ಮಾತ್ರ ಹಾಕಬೇಡಿ. "ಮಾರಾಯಾ, ಆ ಲೈಟೊಂದು ಕಣ್ಣಿಗೆ ಹಿಡಿಯಬೇಡ" ಅಂತ ಅಲ್ಲಿ ಹೇಳಿಸಿಕೊಳ್ಳದವರು ಕಡಿಮೆ.

ಬಣ್ಣದ ವಿಷಯದಲ್ಲಿ ಮಾತ್ರ ಫೋನನ್ನು ನಂಬುವ ಹಾಗಿಲ್ಲ. ಇಂಗಳಿಕದ ಕೆಂಪು ಪರದೆಯಲ್ಲಿ ಪ್ಲಾಸ್ಟಿಕ್ ಕೆಂಪಾಗುತ್ತದೆ. ಮುಖ ಕಂಡ ಕೂಡಲೇ ಕೆಲವು ಫೋನುಗಳು ಚರ್ಮ ನಯ ಮಾಡಲು ಹೊರಡುತ್ತವೆ, ಚುಟ್ಟಿಯ ಉಬ್ಬು ತಗ್ಗು ಅಲ್ಲಿಗೆ ಮುಗಿಯಿತು. ಬ್ಯೂಟಿ ಮೋಡ್ ಆಫ್ ಮಾಡಿ, ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಹಾಗೆ ಬಣ್ಣ ಹೊಂದಿಸುವುದು) ಲಾಕ್ ಮಾಡಿ.

ರಂಗಸ್ಥಳದಲ್ಲಿ ಈಗ ಎಲ್‌ಇಡಿ ಜಾಸ್ತಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಅದು ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಶಟರ್ (ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಅಥವಾ 1/100 ಸೆಕೆಂಡ್ ಇಟ್ಟರೆ ಲೆಕ್ಕ ಸರಿಹೋಗುತ್ತದೆ. 1/60 ಇಟ್ಟರೆ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಹರಿಯತೊಡಗುತ್ತವೆ. ಡಿಎಸ್‌ಎಲ್‌ಆರ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಅಂತ ಇಟ್ಟು ಆರಾಮವಾಗಿ ಕೂರಬಹುದು. ಫೋನಿನ ಮಾಮೂಲಿ ಕ್ಯಾಮೆರಾ ಸಾಮಾನ್ಯವಾಗಿ 30 ಫ್ರೇಮಿನಲ್ಲಿ ತನಗೆ ಬೇಕಾದ ಶಟರ್ ತಾನೇ ಹಾಕಿಕೊಳ್ಳುತ್ತದೆ. ಪ್ರೋ ವಿಡಿಯೋ ಮೋಡ್ ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಓಪನ್ ಕ್ಯಾಮೆರಾ ಅನ್ನುವ ಆ್ಯಪ್ ಇದೆ, ಫೋನ್ ಒಪ್ಪಿದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಕೂಡ ಇದೆ. ಎರಡಕ್ಕೂ ದುಡ್ಡು ಕೊಡಬೇಕಾಗಿಲ್ಲ.

ನಿಜವಾದ ಪರೀಕ್ಷೆ ಧೀಂಗಿಣದ್ದು, ಅಂದರೆ ಗಿರಕಿ ಹೊಡೆಯುವ ಕುಣಿತದ್ದು. ಬೆಳಕು ಸ್ವಲ್ಪ ಕಡಿಮೆಯಾದರೂ ಫೋನ್ ಶಟರ್ ನಿಧಾನ ಮಾಡುತ್ತದೆ, ಕೆಲವು ಫೋನುಗಳು ಫ್ರೇಮನ್ನೂ ಇಳಿಸುತ್ತವೆ. ಗಿರಗಿರ ತಿರುಗುವ ಪುಂಡುವೇಷ (ತರುಣ ವೀರನ ಪಾತ್ರ) ಬಣ್ಣದ ಮುದ್ದೆಯಂತೆ ಕಾಣುತ್ತದೆ. 50 ಎಂಎಂ ಲೆನ್ಸಿನಲ್ಲಿ 1/100 ಇಟ್ಟರೂ ಬೆಳಕು ಸಾಕಾಯಿತು, ಕಾಲಿನ ಗೆಜ್ಜೆಯೂ ಕಂಡಿತು. ಕಿಟ್ ಲೆನ್ಸ್ ಇಲ್ಲಿ ಉಪಯೋಗಕ್ಕಿಲ್ಲ. ಅದನ್ನು 55ಕ್ಕೆ ಎಳೆದರೆ ಎಫ್ 5.6. ಎಫ್ 1.8 ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಕಿಟ್ ಲೆನ್ಸ್ ಮಾತ್ರ ಇರುವ ಡಿಎಸ್‌ಎಲ್‌ಆರ್ ಹೊತ್ತುಕೊಂಡು ರಾತ್ರಿ ಆಟಕ್ಕೆ ಹೋಗುವುದಕ್ಕಿಂತ ಫೋನೇ ವಾಸಿ ಅಂತ ನನ್ನ ಅಭಿಪ್ರಾಯ.

ಬಣ್ಣದ ವೇಷ ಜನರ ನಡುವಿನಿಂದ ದೊಂದಿ ಹಿಡಿದು ಬರುವಾಗ ರಾಳ ಎರಚುತ್ತಾರಲ್ಲ, ಭಗ್ ಅಂತ ಬೆಂಕಿ ಏಳುತ್ತದಲ್ಲ, ಅಲ್ಲಿ ಫೋನ್ ಪೂರ್ತಿ ಸೋಲುತ್ತದೆ. ಬೆಂಕಿ ಕಂಡು ಎಕ್ಸ್‌ಪೋಶರ್ (ಚಿತ್ರಕ್ಕೆ ತೆಗೆದುಕೊಳ್ಳುವ ಬೆಳಕು) ಇಳಿಸುತ್ತದೆ, ವೇಷ ಕತ್ತಲಲ್ಲಿ ಮಾಯ. ಬೆಂಕಿ ಇಳಿದ ಮೇಲೆ ಮೆಲ್ಲನೆ ಏರಿಸುತ್ತದೆ. ಅಷ್ಟರಲ್ಲಿ ಇನ್ನೊಂದು ಮುಷ್ಟಿ ರಾಳ ಬಿದ್ದಿರುತ್ತದೆ. ಪರದೆಯನ್ನು ಒತ್ತಿ ಹಿಡಿದು ಲಾಕ್ ಮಾಡಿದರೆ ಸ್ವಲ್ಪ ಸುಧಾರಿಸುತ್ತದೆ, ಅಷ್ಟೇ. ಕ್ಯಾಮೆರಾದಲ್ಲಿ ಎಲ್ಲ ಮ್ಯಾನ್ಯುವಲ್ ಇಟ್ಟು, ಬೆಂಕಿ ಎದ್ದ ಕ್ಷಣಕ್ಕೆ ಮುಖ ಸರಿ ಕಾಣುವ ಹಾಗೆ ಎಕ್ಸ್‌ಪೋಶರ್ ಹಿಡಿದೆ. ಜ್ವಾಲೆ ಬೆಳ್ಳಗಾಗಿ ಹೋದರೆ ಹೋಗಲಿ. ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್. ಆಟೋದಲ್ಲಿ ಬಿಟ್ಟರೆ ಬೆಂಕಿಯ ಕೇಸರಿಯನ್ನೇ ತಪ್ಪೆಂದು ತಿಳಿದು ತಿದ್ದಿಬಿಡುತ್ತದೆ.

ಒತ್ತೆಕೋಲದಲ್ಲೂ ಇದೇ ಕಥೆ. ಮೇಲೇರಿಗೆ (ಸೌದೆಯ ರಾಶಿಗೆ) ರಾತ್ರಿ ಬೆಂಕಿ ಕೊಟ್ಟರೆ ಬೆಳಗಿನ ಜಾವಕ್ಕೆ ಕೆಂಡದ ರಾಶಿ. ವಿಷ್ಣುಮೂರ್ತಿ ದೈವ ಅದರ ಮೇಲೆ ಬೀಳುವಾಗ ಫೋನಿನ ಎಚ್‌ಡಿಆರ್ (ಕತ್ತಲು ಬೆಳಕು ಸರಿದೂಗಿಸುವ ಸೌಲಭ್ಯ) ಸುತ್ತಲಿನ ಕತ್ತಲನ್ನು ಎತ್ತಿ ಬೆಳಗಿಸಿ, ದೂರದ ಬೈಕುಗಳನ್ನೂ ತೋರಿಸುತ್ತದೆ. ಅದು ಯಾರಿಗೆ ಬೇಕು? ಹಾಗಂತ 50 ಎಂಎಂಗೂ ತೊಂದರೆ ಇದೆ. ಎಫ್ 1.8ರಲ್ಲಿ ನಾಲ್ಕು ಮೀಟರ್ ದೂರಕ್ಕೆ ಶಾರ್ಪ್ ಆಗಿ ಸಿಗುವುದು ಸುಮಾರು ಅರ್ಧ ಮೀಟರ್ ಮಾತ್ರ. ದೈವ ಒಂದು ಹೆಜ್ಜೆ ಮುಂದಿಟ್ಟರೆ ಫೋಕಸ್ ಹೋಯಿತು. ಅಲ್ಲಿ ನಿಲ್ಲುವ ಜಾಗ ನಾವು ಆರಿಸುವುದಲ್ಲ, ಮೊಕ್ತೇಸರರು ತೋರಿಸಿದ್ದು. ಕೆಲವು ದೈವಸ್ಥಾನಗಳಲ್ಲಿ ಕ್ಯಾಮೆರಾವೇ ಕೂಡದು, ಹಿಂದಿನ ದಿನವೇ ಕೇಳಿಕೊಂಡು ಹೋಗಿ.

ಇನ್ನೊಂದು ಕಿರಿಕಿರಿ. ಅನೇಕ ಹಳೇ ಡಿಎಸ್‌ಎಲ್‌ಆರ್‌ಗಳು ಹೆಚ್ಚೆಂದರೆ 29 ನಿಮಿಷ 59 ಸೆಕೆಂಡಿಗೆ ವಿಡಿಯೋ ನಿಲ್ಲಿಸುತ್ತವೆ. ವಿಡಿಯೋ ಕ್ಯಾಮೆರಾಗಳಿಗೆ ಯುರೋಪಿನಲ್ಲಿದ್ದ ಹೆಚ್ಚುವರಿ ಸುಂಕ ತಪ್ಪಿಸಲು ಕಂಪನಿಗಳು ಇಟ್ಟ ಮಿತಿ ಅದು. ಅದರ ಫಲ ನಮ್ಮ ಕಾಲಮಿತಿ ಆಟದ ಮಧ್ಯೆ ಉಣ್ಣಬೇಕು. ಫೋನಿಗೆ ಈ ರಗಳೆ ಇಲ್ಲ, ಬದಲಿಗೆ ಬಿಸಿಯಾಗುತ್ತದೆ. ಕಾಲೇಜಿನ ಕ್ಯಾಮೆರಾ ಶುಕ್ರವಾರ ಕೊಟ್ಟು ಸೋಮವಾರ ವಾಪಸು ಕೇಳುತ್ತಾರೆ. ಕೋಲ ಬುಧವಾರ ಬಂದರೆ ಏನು ಮಾಡುವುದು, ಹೇಳಿ?

ಈಗ ಸೌಂಡ್. ಚೆಂಡೆ ಶುರುವಾದ ಕೂಡಲೇ ಎರಡರ ಮೈಕೂ ಆಟೋದಲ್ಲಿ ತಗ್ಗುತ್ತವೆ, ಭಾಗವತರ ಪದ (ಹಾಡು) ಹಿಂದೆ ಹೋಗುತ್ತದೆ, ಚೆಂಡೆ ನಿಂತರೆ ಜನರೇಟರಿನ ಗುಂಯ್ ಮೇಲೇಳುತ್ತದೆ. ಚಿತ್ರ ಸ್ವಲ್ಪ ಮಬ್ಬಾದರೂ ಕ್ಲಾಸಿನಲ್ಲಿ ಯಾರೂ ಏನೂ ಹೇಳಲಿಲ್ಲ, ಪದ ಕೇಳಿಸದಿದ್ದಾಗ ಎಲ್ಲರೂ ಪ್ರಶ್ನೆ ಮಾಡಿದರು. ಸಣ್ಣ ರೆಕಾರ್ಡರ್ ಒಂದನ್ನು ತಂದು, ಚೆಂಡೆಯ ಜೋರು ಪೆಟ್ಟು ಮೈನಸ್ 12 ಡೆಸಿಬೆಲ್ ದಾಟದ ಹಾಗೆ ಕೈಯಲ್ಲೇ ಲೆವೆಲ್ ಇಡಿ. ಸೌಂಡಿನವರ ಪರಿಚಯವಿದ್ದರೆ ಮಿಕ್ಸರಿನಿಂದ ಒಂದು ಲೈನ್ ಕೇಳಿ. ಅದರಲ್ಲಿ ಪದ, ಅರ್ಥ (ವೇಷಧಾರಿಗಳ ಮಾತು) ಎರಡೂ ಸ್ಪಷ್ಟ, ಆದರೆ ಗೆಜ್ಜೆಯ ಸದ್ದು, ಜನರ ಗಲಾಟೆ ಇರುವುದಿಲ್ಲ. ಅದಕ್ಕೆ ಕ್ಯಾಮೆರಾದ ಸೌಂಡನ್ನು ಕೆಳಗೆ ಸ್ವಲ್ಪ ಸೇರಿಸಿದರೆ ಸರಿ.

ಎಡಿಟಿಂಗಿನಲ್ಲೂ ಒಂದು ವ್ಯತ್ಯಾಸ. ಡಿಎಸ್‌ಎಲ್‌ಆರ್ ಫೈಲಿಗೆ ರೆಕಾರ್ಡರಿನ ಸೌಂಡ್ ಒಮ್ಮೆ ಜೋಡಿಸಿದರೆ ಹೆಚ್ಚು ಜಾರುವುದಿಲ್ಲ. ಅನೇಕ ಫೋನುಗಳ ವಿಡಿಯೋದಲ್ಲಿ ಫ್ರೇಮ್ ರೇಟ್ ಏರಿಳಿಯುತ್ತದೆ, ಸ್ವಲ್ಪ ಹೊತ್ತಿಗೆ ಚೆಂಡೆಯ ಕೋಲು ಒಂದು ಕಡೆ, ಪೆಟ್ಟು ಇನ್ನೊಂದು ಕಡೆ. ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರಿನಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟಿಗೆ ಬದಲಿಸಿ ಆಮೇಲೆ ಎಡಿಟ್‌ಗೆ ಕೂರಿ.

ಪತ್ತನಾಜೆ ಕಳೆದ ಮೇಲೆ ನಮ್ಮ ಕಡೆಯ ಮಳೆಗೆ ಲೆನ್ಸಿನೊಳಗೆ ಫಂಗಸ್ ಬರುತ್ತದೆ. ಸ್ವಂತ ಕ್ಯಾಮೆರಾ ತೆಗೆದುಕೊಂಡರೆ ಗಾಳಿಯಾಡದ ಡಬ್ಬ, ಸಿಲಿಕಾ ಜೆಲ್ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ಕಡ ತಂದ 50 ಎಂಎಂ ಅನ್ನು ನಾನು ಜೂನ್ ಬರುವ ಮೊದಲೇ ವಾಪಸು ಕೊಟ್ಟೆ.