ಬಾಣೇರ್‌ನ ಒಂದು ದಿನದ ವರ್ಕ್‌ಶಾಪ್: ಮ್ಯಾನೇಜರ್ ಬಂದರೆ ಮಾತ್ರ ಹೋಗಿ

ಪುಣೆಯ ಹಿಂಜವಡಿಯಲ್ಲಿರುವ ನಮ್ಮ ಆಫೀಸಿನಿಂದ ಹದಿನಾಲ್ಕು ಜನ ಅದೇ ಊರಿನ ಬಾಣೇರ್‌ನಲ್ಲಿ ಒಂದು ವರ್ಕ್‌ಶಾಪ್‌ಗೆ ಹೋಗಿದ್ದೆವು. ವಿಷಯ ಸೈಕಲಾಜಿಕಲ್ ಸೇಫ್ಟಿ. ಅಂದರೆ, ತಪ್ಪು ಒಪ್ಪಿಕೊಂಡರೆ ಯಾರೂ ಮರ್ಯಾದೆ ತೆಗೆಯುವುದಿಲ್ಲ ಎಂಬ ಧೈರ್ಯ. ತಲೆಗೆ 2,500 ರೂಪಾಯಿ, ಊಟ ಸೇರಿ.

ನಾನು ಸಾಫ್ಟ್‌ವೇರ್ ಟೆಸ್ಟರ್. ಹಿಂದಿನ ಕಂಪನಿಯಲ್ಲಿ ರಿಲೀಸ್‌ಗೆ ಎರಡು ದಿನ ಇರುವಾಗ ದೊಡ್ಡ ಬಗ್ (ದೋಷ) ತೋರಿಸಿದೆ, ಎಲ್ಲರೆದುರು ಬೈಸಿಕೊಂಡೆ. ಆಮೇಲೆ ಮೀಟಿಂಗ್‌ಗಳಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ್ದೆ.

ಬೆಳಗ್ಗೆ ಟ್ರೇನರ್ ಟೊಯೋಟಾ ಕಥೆ ಹೇಳಿದರು. ಅಲ್ಲಿ ತೊಂದರೆ ಕಂಡ ಯಾವ ಕೆಲಸಗಾರನಾದರೂ ಹಗ್ಗ ಎಳೆದು ಕಾರು ಜೋಡಿಸುವ ಲೈನ್ ನಿಲ್ಲಿಸಬಹುದು. ಇದರ ಬೇರು ಇರುವುದು ಮಗ್ಗದಲ್ಲಿ! ಟೊಯೋಟಾ ಕಾರು ಕಂಪನಿ ಕಟ್ಟಿದವರ ತಂದೆ ಸಾಕಿಚಿ ಟೊಯೋಡಾ ಅವರ 1924ರ ಮಗ್ಗ ಎಳೆ ಹರಿದರೆ ತಾನೇ ನಿಲ್ಲುತ್ತಿತ್ತು. ನಾನು ಬೆಟಗೇರಿಯ ನೇಕಾರರ ಮನೆಯವಳು. ಹಾಸಿನ ಎಳೆ ಹರಿದದ್ದು ಗೊತ್ತಾಗದೆ ನೇಯ್ದರೆ ಸೀರೆಯಲ್ಲಿ ಗೆರೆ ಉಳಿಯುತ್ತದೆ. ಅಪ್ಪ ಅಂಥ ಸೀರೆಯನ್ನು ಅರ್ಧ ಬೆಲೆಗೆ ಕೊಟ್ಟಿದ್ದು ನೆನಪಾಯಿತು.

ಆಮೇಲೆ ಎಲ್ಲರೂ ತಮ್ಮ ಒಂದು ತಪ್ಪನ್ನು ಚೀಟಿಯಲ್ಲಿ ಬರೆದು ಓದಬೇಕಿತ್ತು. ಮೊದಲು ಎದ್ದವರು ನಮ್ಮ ಮ್ಯಾನೇಜರ್. ಒಮ್ಮೆ ಗ್ರಾಹಕರ ಡೇಟಾಬೇಸ್‌ನಲ್ಲಿ ಒಂದು ಟೇಬಲ್ ಅಳಿಸಿ, ಎರಡು ತಾಸು ಯಾರಿಗೂ ಹೇಳದೆ ಕೂತಿದ್ದರಂತೆ. ಓದುವಾಗ ಅವರ ದನಿ ನಡುಗುತ್ತಿತ್ತು.

ಪಕ್ಕದಲ್ಲಿದ್ದ ಬೆಳಗಾವಿ ಹುಡುಗ ಮೆಲ್ಲಗೆ ಕೇಳಿದ: "ಅಕ್ಕಾರ, ನಾನೂ ಹೇಳ್ಲೇನ್ರಿ?"

"ಹೇಳಪಾ," ಎಂದೆ.

ರಿಲೀಸ್ ರಾತ್ರಿ ನಾವು ಮೂರು ತಾಸು ಕೈಯಾರೆ ಮಾಡುವ ಕೆಲಸಕ್ಕೆ ಅವನು ಸ್ಕ್ರಿಪ್ಟ್, ಅಂದರೆ ಕೆಲಸವನ್ನು ತಾನೇ ಮಾಡುವ ಸಣ್ಣ ಪ್ರೋಗ್ರಾಂ, ಬರೆದಿಟ್ಟಿದ್ದ. ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. "ಕೊಟ್ಟ ಕೆಲಸ ಬಿಟ್ಟು ಇದೇನು" ಅಂತ ಬೈದಾರು ಎಂದು ನಾಲ್ಕು ತಿಂಗಳು ಲ್ಯಾಪ್‌ಟಾಪ್‌ನಲ್ಲೇ ಮುಚ್ಚಿಟ್ಟಿದ್ದ! ಈಗ ಎರಡು ರಿಲೀಸ್ ಅದರಲ್ಲೇ ಆಗಿವೆ.

ಊಟದ ನಂತರ ಮಾತ್ರ ಬೇಸರವಾಯಿತು. ಸ್ಲೈಡ್ ಮೇಲೆ ಸ್ಲೈಡ್. ಹಾರ್ವರ್ಡ್‌ನ ಏಮಿ ಎಡ್ಮಂಡ್ಸನ್ 90ರ ದಶಕದಲ್ಲಿ ಆಸ್ಪತ್ರೆ ತಂಡಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ತಂಡಗಳಲ್ಲೇ ತಪ್ಪಿನ ಲೆಕ್ಕ ಜಾಸ್ತಿ ಕಂಡಿತ್ತು. ಅಲ್ಲಿನವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಎಂಬುದು ಅವರು ಕಂಡುಕೊಂಡ ಕಾರಣ. ಎಷ್ಟು ಒಳ್ಳೆಯ ವಿಷಯ, ಅಲ್ವಾ? ಅದಕ್ಕೆ ಸಿಕ್ಕಿದ್ದು ಎರಡೇ ನಿಮಿಷ. ತಿಂಗಳ ನಂತರ ಮತ್ತೊಮ್ಮೆ ಕೂರಲು ಬೇರೆ ದುಡ್ಡು ಕೇಳುತ್ತಾರೆ, ಅದೂ ಸರಿಯಲ್ಲ. ಒಂದೇ ದಿನದಲ್ಲಿ ಹಳೆಯ ಭಯ ಹೋಗುವುದಿಲ್ಲ.

ಆದರೂ ಆ ಬೆಳಗಿನ ಅರ್ಧ ದಿನಕ್ಕೇ ಕೊಟ್ಟ ದುಡ್ಡು ಬಂತು. ಬುಕ್ ಮಾಡುವ ಮುಂಚೆ ನಿಮ್ಮ ಮ್ಯಾನೇಜರ್ ಬರುತ್ತಾರಾ, ಮೊದಲ ಚೀಟಿ ಅವರೇ ಓದುತ್ತಾರಾ ಕೇಳಿ. ಇಲ್ಲ ಅಂದರೆ ಅವರು ಬರುವ ತಾರೀಖಿಗೆ ಕಾಯಿರಿ.