ಕಾರವಾರದ ಉಪ್ಪುಗಾಳಿಗೆ ಯಾವ ಪಿಸ್ತೂಲು?

ಮೊದಲೇ ಹೇಳಿಬಿಡುತ್ತೇನೆ. ಸೊಂಟಕ್ಕೆ ಸಿಕ್ಕಿಸಿಕೊಳ್ಳಲೂ ಆಗಬೇಕು, ಸ್ಪರ್ಧೆಗೂ ಆಗಬೇಕು, ಬೆಲೆಯೂ ಕೈಗೆಟುಕಬೇಕು ಅಂತ ಒಂದೇ ಪಿಸ್ತೂಲು ಹುಡುಕುತ್ತಿದ್ದರೆ ಆ ಆಸೆ ಬಿಡಿ. ನಾನು ಕೊಂಡದ್ದು ಹತ್ತು ಮೀಟರ್ ದೂರದ ಸ್ಪರ್ಧೆಗೆ ಬಳಸುವ ಏರ್ ಪಿಸ್ತೂಲು, ಅಂದರೆ ಗಾಳಿಯ ಒತ್ತಡದಿಂದ ಹೊಡೆಯುವಂಥದ್ದು, ಹ್ಯಾಮರ್ಲಿ ಎಪಿ20. ಅದರ ವಿಮರ್ಶೆ ಕೆಳಗಿದೆ. ಆದರೆ ಬೇರೆಯದನ್ನೆಲ್ಲ ಯಾಕೆ ಬಿಟ್ಟೆ ಅಂತ ಹೇಳದೆ ಇದನ್ನು ಯಾಕೆ ಹಿಡಿದೆ ಅಂತ ಹೇಳೋಕೆ ಆಗಲ್ಲ.

ನೌಕಾಪಡೆಯಲ್ಲಿ ಗನ್ನರಿ (ತೋಪು, ಬಂದೂಕುಗಳ ವಿಭಾಗ) ಕಡೆ ಕೆಲಸ ಮಾಡಿ ನಿವೃತ್ತನಾದವನು ನಾನು. ಮನೆ ಕೋಡಿಬಾಗದಲ್ಲಿ. ಹಾಗಾಗಿ ಪರಿಚಯದವರಿಗೆ ಪಿಸ್ತೂಲು ಅಂದರೆ ನನ್ನ ನೆನಪೇ ಬರುತ್ತದೆ. ಈ ಸಲ ಕೇಳಿದವನು ಅಣ್ಣನ ಮಗ. ಬೈತಖೋಲ್ ಬಂದರಿನಲ್ಲಿ ಮೀನಿನ ವ್ಯವಹಾರ ಅವನದು.

"ಕಾಕಾ, ನಂಗೆ ಗ್ಲಾಕ್ ಥರದ್ದು ಬೇಕು. ಪ್ಲಾಸ್ಟಿಕ್ ಬಾಡಿ, ಹಗುರ. ದುಡ್ಡು ತಗೊಂಡು ಬರುವಾಗ ಇಟ್ಕೊಬಹುದು, ಭಾನುವಾರ ಗುರಿ ಹೊಡೆಯೋಕೂ ಆಗ್ತದೆ."

ಆಸೆಯೇನೂ ಕೆಟ್ಟದ್ದಲ್ಲ. ಪಾಲಿಮರ್, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಪಿಸ್ತೂಲು ನಿಜಕ್ಕೂ ಜಾಣ ವಸ್ತು. ಗ್ಲಾಕ್ 17 ಅನ್ನು ಆಸ್ಟ್ರಿಯಾದ ಸೇನೆ 1982ರಲ್ಲಿ ಆರಿಸಿಕೊಂಡಿತು. ಅದನ್ನು ಮಾಡಿದ ಗ್ಯಾಸ್ಟನ್ ಗ್ಲಾಕ್ ಅದಕ್ಕೂ ಮುಂಚೆ ಪರದೆ ಕಂಬಿ, ಚಾಕು ಅಂತ ಮಾಡಿಕೊಂಡಿದ್ದ ಮನುಷ್ಯ. ಪಾಲಿಮರ್ ಹಿಡಿಕೆಯ ಪಿಸ್ತೂಲು ಅದೇ ಮೊದಲು ಅಂತ ಸುಮಾರು ಜನ ಹೇಳುತ್ತಾರೆ. ಅಲ್ಲ. ಜರ್ಮನಿಯ ಹೆಕ್ಲರ್ ಅಂಡ್ ಕಾಖ್ ಕಂಪನಿ 1970ರಲ್ಲೇ ವಿಪಿ70 ತಂದಿತ್ತು. ಗೆದ್ದದ್ದು ಮಾತ್ರ ಗ್ಲಾಕ್. ಗುಂಡು ತುಂಬದಿದ್ದರೆ ಅದರ ತೂಕ ಆರುನೂರು ಗ್ರಾಮಿನ ಆಸುಪಾಸು, ಮ್ಯಾಗಜೀನಿನಲ್ಲಿ 17 ಗುಂಡು.

ನಾನು ಸೇವೆಯಲ್ಲಿ ಬಳಸಿದ್ದು 9 ಎಂಎಂ 1ಎ. ಬ್ರೌನಿಂಗ್ ಹೈ ಪವರ್‌ನ ನಮ್ಮ ದೇಶದ ಆವೃತ್ತಿ, ಇಶಾಪುರದ ಕಾರ್ಖಾನೆಯದು. ಪೂರ್ತಿ ಉಕ್ಕು, 13 ಗುಂಡು. ಬೆಲ್ಟಿನಲ್ಲಿ ಹಾಕಿಕೊಂಡು ಹಡಗಿನ ಒಂದು ಪಾಳಿ ಮುಗಿಸಿದರೆ ಸೊಂಟ ಒಂದು ಕಡೆ ಎಳೆದಂತಾಗುತ್ತಿತ್ತು. ಆದರೆ ಹೊಡೆಯುವಾಗ ಅದೇ ತೂಕ ಕೈ ಹಿಡಿಯುತ್ತಿತ್ತು, ನಳಿಗೆ ಜಾಸ್ತಿ ಮೇಲೇಳುತ್ತಿರಲಿಲ್ಲ. ಪಾಲಿಮರಿನದು ಹಗುರ, ಹಾಗಾಗಿ ಒದೆತ ಚುರುಕು. ಹಿಡಿಕೆ ಸ್ವಲ್ಪ ಬಾಗಿ ಅದರಲ್ಲಿ ಒಂದಷ್ಟನ್ನು ನುಂಗಿಕೊಳ್ಳುತ್ತದೆ, ಪೂರ್ತಿ ಅಲ್ಲ. ಇನ್ನು ಪ್ಲಾಸ್ಟಿಕ್ ಅಂದರೆ ತುಕ್ಕೇ ಇಲ್ಲ ಅನ್ನುವವರಿಗೆ ಒಂದು ಮಾತು. ಹಿಡಿಕೆ ಮಾತ್ರ ಪ್ಲಾಸ್ಟಿಕ್. ಮೇಲಿನ ಸ್ಲೈಡು, ನಳಿಗೆ, ಸ್ಪ್ರಿಂಗು ಎಲ್ಲ ಉಕ್ಕೇ.

ಸರಿ, ಇಷ್ಟೆಲ್ಲ ಇದ್ದೂ ಅದು ಅವನಿಗೆ ಸಿಗುವುದಿಲ್ಲ. ಗ್ಲಾಕ್ 17ರದ್ದೂ 9 ಎಂಎಂ ಬೋರು, ಅಂದರೆ ನಳಿಗೆಯ ಅಳತೆ. ಭಾರತದಲ್ಲಿ ಅದು ನಿಷೇಧಿತ. ಸೇನೆ, ಪೊಲೀಸರಿಗೆ ಬಿಟ್ಟದ್ದು. ಗ್ಲಾಕ್ 17 ಆಗಲಿ, ಅಮೆರಿಕದಲ್ಲಿ ಕಡಿಮೆ ಬೆಲೆಗೆ ಹೆಸರಾದ ಟರ್ಕಿಯ ಕ್ಯಾನಿಕ್ ಆಗಲಿ, ಯೂಟ್ಯೂಬಿನಲ್ಲಿ ನೋಡಿ ಸಂತೋಷಪಡಬೇಕು, ಅಷ್ಟೇ.

ಹಾಗಾದರೆ ಉಳಿಯುವುದು ಏನು? ಸಾಮಾನ್ಯ ಲೈಸೆನ್ಸುದಾರರು ಹೆಚ್ಚಾಗಿ ಕೊಳ್ಳುವುದು .32 (ಇಂಚಿನ ಲೆಕ್ಕದಲ್ಲಿ ನಳಿಗೆಯ ಅಳತೆ). ಸರ್ಕಾರಿ ಕಾರ್ಖಾನೆಯ ಪಿಸ್ತೂಲು ಇದೆ, ರಿವಾಲ್ವರ್ ಇದೆ. ಕಾನ್ಪುರದ ನಿರ್ಭೀಕ್ ರಿವಾಲ್ವರು 2014ರಲ್ಲಿ ಹೆಂಗಸರಿಗಾಗಿ ಅಂತ ಬಂತು. ತೂಕ ಅರ್ಧ ಕಿಲೋ, ಬೆಲೆ 1 ಲಕ್ಷ 22 ಸಾವಿರ. ಆಗ ಅದರ ಬೆಲೆ ನೋಡಿ ಎಷ್ಟೋ ಜನ ನಕ್ಕಿದ್ದರು. ಈಗ ಲಕ್ಷ ಅನ್ನುವುದು ಈ ಸಾಲಿನಲ್ಲಿ ಮಾಮೂಲು.

ನನ್ನ ಸ್ನೇಹಿತರೊಬ್ಬರ ಹತ್ತಿರ .32 ಪಿಸ್ತೂಲು ಇದೆ. ಚಿಕ್ಕದು, ಚೆಂದದ್ದು. ಅವರ ಅನುಭವ ನೋಡಿಯೇ ನಾನು ಸೊಂಟದ ಪಿಸ್ತೂಲಿನ ಯೋಚನೆ ಕೈಬಿಟ್ಟದ್ದು. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ. ಉಳಿದ ತಿಂಗಳು ಬೆವರು, ಉಪ್ಪುಗಾಳಿ. ಅಂಗಿಯೊಳಗೆ ಸೊಂಟಕ್ಕೆ ಒತ್ತಿಕೊಂಡಿರುವ ಉಕ್ಕಿನ ಮೇಲೆ ಆ ಬೆವರು ಏನು ಮಾಡುತ್ತದೆ ಅಂತ ಕೇಳಬೇಡಿ. ಮಳೆಗಾಲದಲ್ಲಿ ಅವರು ಸಂಜೆ ಒರೆಸಿ ಎಣ್ಣೆ ಸವರದೆ ಇಟ್ಟರೆ ಬೆಳಿಗ್ಗೆ ಸ್ಕ್ರೂ ತಲೆಯ ಸುತ್ತ ಕೆಂಪು ಕಾಣಿಸುತ್ತದೆ. ಚರ್ಮದ ಚೀಲದಲ್ಲಿ ಇಟ್ಟು ಕಪಾಟು ಮುಚ್ಚುವುದಂತೂ ಬೇಡವೇ ಬೇಡ. ಚರ್ಮ ತೇವ ಹಿಡಿಯುತ್ತದೆ, ಬೂಷ್ಟು ಬರುತ್ತದೆ. ಮಖಮಲ್ಲು ಹಾಸಿದ ಪೆಟ್ಟಿಗೆಯೂ ನೋಡೋಕೆ ಮಾತ್ರ. ಬೀಗ ಹಾಕಿದ ಕಪಾಟು, ಒಳಗೆ ಸಿಲಿಕಾ ಜೆಲ್, ನಡುವೆ ಒಂದು ಝೀರೋ ಬಲ್ಬು. ಕ್ಯಾಮೆರಾ ಇಟ್ಟುಕೊಂಡವರಿಗೆ ಈ ಉಪಾಯ ಗೊತ್ತಿರುತ್ತದೆ.

ಇನ್ನೊಂದು ತೊಡಕು ನಮ್ಮ ಊರಿಗೇ ಅಂಟಿಕೊಂಡದ್ದು. ಲೈಸೆನ್ಸಿನಲ್ಲಿ ಅದು ಎಲ್ಲಿಯವರೆಗೆ ನಡೆಯುತ್ತದೆ ಅಂತ ಬರೆದಿರುತ್ತದೆ. ಕರ್ನಾಟಕ ಅಂತ ಮಾತ್ರ ಇದ್ದರೆ ಗೋವಾ ಗಡಿಯ ಮಾಜಾಳಿ ಚೆಕ್‌ಪೋಸ್ಟ್ ದಾಟಿದ ಕೂಡಲೇ ನೀವು ತಪ್ಪಿತಸ್ಥರು. ಮಾಜಾಳಿ ನಮಗೆ ಎಷ್ಟು ದೂರ ಹೇಳಿ? ಆಸ್ಪತ್ರೆಗೆ ಮಡಗಾಂವ್, ಸಂತೆಗೆ ಕಾಣಕೋಣ, ನೆಂಟರು ಇನ್ನೆಲ್ಲೋ. ಕಾರವಾರದವರಿಗೆ ಗೋವಾ ಅಂದರೆ ಪಕ್ಕದ ಓಣಿ. ಪ್ರತಿ ಸಲ ಮನೆಯಲ್ಲಿ ಬಿಟ್ಟು ಹೋಗುವುದಾದರೆ ಜೊತೆಗಿಟ್ಟುಕೊಳ್ಳುವ ಪಿಸ್ತೂಲು ಯಾಕೆ?

ಚುನಾವಣೆ ಬಂದರೆ ಆಯುಧ ಠಾಣೆಗೆ ಒಪ್ಪಿಸಿ ಅಂತ ಕರೆ ಬರುತ್ತದೆ. ಶಿರಸಿ, ಸಿದ್ದಾಪುರ ಕಡೆ ಹಂದಿ, ಮಂಗ ಓಡಿಸಲು ಕೋವಿ ಇಟ್ಟುಕೊಂಡ ತೋಟದವರು ಇದನ್ನು ಬಲ್ಲರು. ವಿಧಾನಸಭೆ, ಲೋಕಸಭೆ, ಒಂದಾದ ಮೇಲೊಂದು. ಇನ್ನು ಮದುವೆಯಲ್ಲಿ ಗಾಳಿಗೆ ಗುಂಡು ಹಾರಿಸುವ ಶೋಕಿ ಇದ್ದರೆ, ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಅದೇ ತಿದ್ದುಪಡಿ ಒಬ್ಬರಿಗೆ ಎರಡೇ ಬಂದೂಕು ಅಂತ ಮಿತಿ ಹಾಕಿತು, ಲೈಸೆನ್ಸಿನ ಅವಧಿಯನ್ನು ಐದು ವರ್ಷ ಮಾಡಿತು.

ಸ್ಪರ್ಧೆಗಾದರೂ ಆ .32 ಆಗುತ್ತದಾ? ಸೆಂಟರ್ ಫೈರ್ ಅಂತ 25 ಮೀಟರಿನ ಸ್ಪರ್ಧೆ ಇದೆ. ಅಳತೆಯ ಲೆಕ್ಕದಲ್ಲಿ .32 ಅಲ್ಲಿ ಸಲ್ಲುತ್ತದೆ. ಆದರೆ ಅಲ್ಲಿ ಬರುವವರ ಪಿಸ್ತೂಲು ಬೇರೆಯೇ. ತಿರುಗಿಸಿ ಹೊಂದಿಸುವ ಸೈಟು (ಗುರಿ ನೋಡುವ ಭಾಗ), ಒಂದು ಕಿಲೋ ಒತ್ತಡಕ್ಕೆ ಬಿಡುವ ಟ್ರಿಗರು. ಜೇಬಿನ ಪಿಸ್ತೂಲಿನ ಮೇಲಿರುವ ಸೈಟು ಅಂದರೆ ಒಂದು ಚಿಕ್ಕ ಉಬ್ಬು. ಸರ್ವಿಸ್ ಪಿಸ್ತೂಲಿನ ಟ್ರಿಗರು ಗಟ್ಟಿ ಇರಲೇಬೇಕು, ಗ್ಲಾಕಿನದೇ ಎರಡೂವರೆ ಕಿಲೋ ಹತ್ತಿರ ಬರುತ್ತದೆ. ಗಾಬರಿಯ ಕೈಯಲ್ಲಿ ಸುಮ್ನೆ ಸಿಡಿಯಬಾರದಲ್ವಾ? ಆ ಗಟ್ಟಿತನವೇ ಗುರಿಗೆ ವೈರಿ. ಜೊತೆಗೆ ಒಂದೊಂದು ಗುಂಡಿಗೂ ನೂರರ ಮೇಲೆ ಖರ್ಚು, ಎಷ್ಟು ಕೊಂಡಿರಿ ಅಂತ ಲೈಸೆನ್ಸಿನಲ್ಲಿ ಬರೆಸಬೇಕು, ಹೊಡೆಯಲು ರೇಂಜಿಗೇ ಹೋಗಬೇಕು. ಹೀಗಿದ್ದರೆ ಅಭ್ಯಾಸ ಎಲ್ಲಿ ಆಗುತ್ತದೆ?

ಈಗ ನನ್ನ ಎಪಿ20ಕ್ಕೆ ಬರೋಣ. ಹ್ಯಾಮರ್ಲಿ ಮೂಲದಲ್ಲಿ ಸ್ವಿಸ್ ಹೆಸರು. ಈಗ ವಾಲ್ತರ್ ಇರುವ ಜರ್ಮನಿಯ ಉಮಾರೆಕ್ಸ್ ಗುಂಪಿನದು. ಕಲಿಯುವವರಿಗಾಗಿ ಮಾಡಿದ ಮಾದರಿ ಇದು, ನಳಿಗೆಗೆ ತೊಡಿಸುವ ಬಣ್ಣಬಣ್ಣದ ಕವಚಗಳೂ ಇವೆ. ನಾನು ಕಪ್ಪನ್ನೇ ಹಾಕಿಕೊಂಡಿದ್ದೇನೆ, ವಯಸ್ಸಿಗೆ ತಕ್ಕ ಹಾಗೆ. .177 ಅಳತೆ, 20 ಜೂಲ್ ಒಳಗಿನ ಶಕ್ತಿ ಇದ್ದರೆ ಏರ್ ಗನ್ನಿಗೆ ಲೈಸೆನ್ಸು ಬೇಡ. ಸ್ಪರ್ಧೆಯ ಏರ್ ಪಿಸ್ತೂಲುಗಳ ಶಕ್ತಿ ಸುಮಾರು ಆರು ಜೂಲ್. ಹಾಗಂತ ಆಟಿಕೆ ಅಂದುಕೊಳ್ಳಬೇಡಿ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಯಿತು. ಹೊಡೆಯುವಾಗ ಕನ್ನಡಕ, ಹೊಡೆಯದಿದ್ದಾಗ ನಳಿಗೆಯಲ್ಲಿ ಸೇಫ್ಟಿ ದಾರ, ಒಳಗೆ ಏನೂ ಇಲ್ಲ ಅಂತ ತೋರಿಸಲು.

ಮೆಚ್ಚಿದ್ದು ಏನು? ಮೊದಲು ಟ್ರಿಗರ್. ಸ್ಪರ್ಧೆಯ ನಿಯಮ ಕನಿಷ್ಠ 500 ಗ್ರಾಂ ಅನ್ನುತ್ತದೆ. ಅಷ್ಟಕ್ಕೆ ಹೊಂದಿಸಿಕೊಂಡಿದ್ದೇನೆ. ಬೆರಳು ಇಟ್ಟ ಮೇಲೆ ಒಂದು ಚಿಕ್ಕ ತಡೆ, ಆಮೇಲೆ ಬಿಟ್ಟದ್ದೇ ಗೊತ್ತಾಗದು. 9 ಎಂಎಂನಲ್ಲಿ ಪಳಗಿದ ಬೆರಳಿಗೆ ಇದು ಬೇರೆಯೇ ಶಾಲೆ. ತೂಕ ಒಂದು ಕಿಲೋಗಿಂತ ಕಡಿಮೆ. ಒಂದೇ ಕೈಯಲ್ಲಿ ಚಾಚಿ ಹಿಡಿಯಬೇಕಲ್ಲ, ಭುಜಕ್ಕೆ ಅದು ಎಷ್ಟು ದೊಡ್ಡ ವಿಷಯ ಅಂತ ಮೂವತ್ತನೇ ಗುಂಡಿನ ಹೊತ್ತಿಗೆ ತಿಳಿಯುತ್ತದೆ. ಪೂರ್ತಿ ಪಂದ್ಯಕ್ಕೆ 60 ಗುಂಡು, 75 ನಿಮಿಷ. ಹತ್ತು ಅಂಕದ ವೃತ್ತ 11.5 ಮಿಲಿಮೀಟರ್ ಮಾತ್ರ.

ಇನ್ನೊಂದು ದೊಡ್ಡ ಉಪಕಾರ ಡ್ರೈ ಫೈರ್. ಪೆಲೆಟ್ (ಏರ್ ಪಿಸ್ತೂಲಿನ ಚಿಕ್ಕ ಗುಂಡು) ಇಲ್ಲ, ಗಾಳಿ ಇಲ್ಲ, ಟ್ರಿಗರ್ ಮಾತ್ರ ಕೆಲಸ ಮಾಡುತ್ತದೆ. ಬಿಳಿ ಗೋಡೆಗೆ ಮುಖ ಮಾಡಿ ನಿಂತು ಎಷ್ಟು ಬೇಕಾದರೂ ಅಭ್ಯಾಸ ಮಾಡಬಹುದು, ಪೈಸೆ ಖರ್ಚಿಲ್ಲ. ನಮ್ಮದು ಹಂಚಿನ ಹಳೇ ಮನೆ. ಜಗಲಿಯಿಂದ ಹಿತ್ತಲ ಗೋಡೆಯವರೆಗೆ ಹತ್ತು ಮೀಟರ್ ಸಿಗುತ್ತದೆ. ಬಾಗಿಲಿಗೆ ಚಿಲಕ ಹಾಕಿ, ಪೆಲೆಟ್ ಹಿಡಿಯುವ ಕಬ್ಬಿಣದ ಡಬ್ಬಿ ಇಟ್ಟು ಹೊಡೆಯುತ್ತೇನೆ. ಚಪ್ಪಟೆ ಮೂತಿಯ ಪೆಲೆಟನ್ನೇ ಕೊಳ್ಳಿ, ಕಾಗದದಲ್ಲಿ ದುಂಡನೆ ತೂತು ಬೀಳುತ್ತದೆ. ಐನೂರರ ಡಬ್ಬಿ. ಸೀಸ ಅದು, ಮುಗಿದ ಮೇಲೆ ಕೈ ತೊಳೆಯದೆ ಚಹಾಕ್ಕೆ ಕೂರಬೇಡಿ.

ತಲೆನೋವು ಇರುವುದು ಗಾಳಿ ತುಂಬುವಲ್ಲಿ. ಪಿಸ್ತೂಲಿನ ಗಾಳಿ ಸಿಲಿಂಡರಿಗೆ 200 ಬಾರ್ ಒತ್ತಡ ಬೇಕು. ಕಾರಿನ ಚಕ್ರಕ್ಕೆ ಎರಡು, ಎರಡೂವರೆ ಬಾರ್ ಹಾಕುತ್ತೇವೆ, ಲೆಕ್ಕ ಹಾಕಿ. ಕೈಪಂಪು ಸಿಗುತ್ತದೆ. ಆದರೆ ನಮ್ಮ ಗಾಳಿಯಲ್ಲಿ ನೀರೇ ಜಾಸ್ತಿ. ಒತ್ತಿದಾಗ ಆ ನೀರು ಹನಿಯಾಗಿ ಸಿಲಿಂಡರಿನೊಳಗೆ ಇಳಿಯುತ್ತದೆ, ಅಲ್ಲಿಂದ ವಾಲ್ವಿಗೆ. ಹಾಗಾಗಿ ನನ್ನದು ಮುರ್ಡೇಶ್ವರದ ದಾರಿ. ಅಲ್ಲಿಂದ ಸಮುದ್ರದ ನಡುವಿನ ನೇತ್ರಾಣಿ ದ್ವೀಪದ ಹತ್ತಿರ ಸ್ಕೂಬಾ ಡೈವಿಂಗಿಗೆ ಕರೆದೊಯ್ಯುವವರಲ್ಲಿ ಒಬ್ಬರು ಪರಿಚಯ. ಅವರ ಟ್ಯಾಂಕೂ 200 ಬಾರಿನದೇ, ಗಾಳಿ ಶೋಧಿಸಿ ಒಣಗಿಸಿದ್ದು. ಒಂದು ಟ್ಯಾಂಕು ತಂದಿಟ್ಟುಕೊಂಡರೆ ಪಿಸ್ತೂಲಿನ ಸಿಲಿಂಡರ್ ಬಹಳ ಸಲ ತುಂಬುತ್ತದೆ. ಟ್ಯಾಂಕು ಖಾಲಿಯಾಗುತ್ತಾ ಬಂದಂತೆ ಒತ್ತಡವೂ ಇಳಿಯುತ್ತದೆ, 150ಕ್ಕೆ ತುಂಬಿದರೂ ಅಭ್ಯಾಸ ನಿಲ್ಲಲ್ಲ. ಮಳೆಗಾಲದಲ್ಲಿ ಡೈವಿಂಗ್ ಬಂದ್. ಆಗ ಅನಿವಾರ್ಯವಾಗಿ ಕೈಪಂಪು. ಸ್ವಲ್ಪ ಒತ್ತಿ, ಬಿಸಿ ಆರಲು ಬಿಟ್ಟು, ನೀರು ಹೊರಬಿಟ್ಟು, ಮತ್ತೆ ಒತ್ತಬೇಕು. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ತುಂಬಿಸೋಣವಾ ಅಂತ ಒಬ್ಬರು ಕೇಳಿದ್ದರು. ಖಂಡಿತ ಕೂಡದು. ಎಣ್ಣೆ, ಗ್ರೀಸಿನ ಜೊತೆ ಆ ಒತ್ತಡದ ಆಕ್ಸಿಜನ್ ಸೇರಿದರೆ ಸ್ಫೋಟವೇ. ಸಿಲಿಂಡರಿನ ಮೇಲೆ ತಯಾರಾದ ದಿನ ಬರೆದಿರುತ್ತದೆ, ಆಯುಸ್ಸು ಹತ್ತು ವರ್ಷ. ಹಳೇ ಪಿಸ್ತೂಲು ಕೊಳ್ಳುವವರು ಮೊದಲು ಅದನ್ನೇ ಓದಬೇಕು.

ಮಾರಿದ ಅಂಗಡಿಯವರಿಗೆ ಮಾತ್ರ ನನ್ನಿಂದ ಕಡಿಮೆ ಅಂಕ. ದೊಡ್ಡ ಊರಿನ ಅಂಗಡಿ, ಹೆಸರು ಬೇಡ. ಟ್ಯಾಂಕಿಗೆ ಜೋಡಿಸುವ ಅಡಾಪ್ಟರು ಕಳಿಸಿದರು, ಅದರ ಆಟೆ (ತಿರುಗಿಸಿ ಕೂರಿಸುವ ಸ್ಕ್ರೂ ಸುತ್ತು) ಕೂರಲಿಲ್ಲ. ಫೋನು ಮಾಡಿದರೆ "ಅಲ್ಲೇ ಯಾವುದಾದರೂ ಲೇಥ್‌ನಲ್ಲಿ ಮಾಡಿಸ್ಕೊಳ್ಳಿ ಸಾರ್" ಅಂದರು. 200 ಬಾರಿನ ಆಟೆಯನ್ನು ಕಂಡ ಕಂಡ ಲೇಥಿನಲ್ಲಿ ಮಾಡಿಸುವುದಾ? ಪಟ್ಟು ಹಿಡಿದ ಮೇಲೆ ಸರಿಯಾದದ್ದು ಬಂತು. ದುಡ್ಡು ಕಟ್ಟುವ ಮುಂಚೆ ಅಡಾಪ್ಟರ್, ಬಿಡಿ ಸೀಲು, ಬಿಲ್ಲು ಮೂರನ್ನೂ ಬರವಣಿಗೆಯಲ್ಲಿ ಕೇಳಿ.

ಬೆಲೆ ಲಕ್ಷದ ಆಸುಪಾಸು. ಏನು, ಗಾಳಿ ಪಿಸ್ತೂಲಿಗೆ ಲಕ್ಷವಾ ಅಂತ ಅಣ್ಣನ ಮಗನೂ ಬಾಯಿ ಬಿಟ್ಟ. .32ಕ್ಕೂ ಅಷ್ಟೇ ಬೇಕು ಮಾರಾಯ, ಅದರ ಮೇಲೆ ಗುಂಡಿನ ಖರ್ಚು ಬೇರೆ ಅಂದೆ. ಮೊರಿನಿ, ಸ್ಟೈರ್, ಪಾರ್ದಿನಿ ಕಂಪನಿಗಳ ಏರ್ ಪಿಸ್ತೂಲುಗಳು ಇನ್ನೂ ಮೇಲಿನವು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಕಂಚು ಗೆದ್ದದ್ದು ಮೊರಿನಿಯಲ್ಲಿ. ಅದು ನೋಡಿ ಅದೇ ಬೇಕು ಅನ್ನುವ ಮಕ್ಕಳಿದ್ದಾರೆ. ಮೊದಲು ಒಂದು ವರ್ಷ ಕೈ ನಿಲ್ಲಲಿ.

ಬಂದರಿನ ದುಡ್ಡಿನ ಚಿಂತೆಗೆ ನನ್ನ ಪಿಸ್ತೂಲು ಉತ್ತರ ಅಲ್ಲ. ಅದಕ್ಕೆ ಅವನಿಗೆ ಬೇರೆ ಹೇಳಿದ್ದೇನೆ: ದೊಡ್ಡ ಮೊತ್ತ ಬ್ಯಾಂಕಿಗೆ ಹಾಕಿಸಿಕೋ, ಒಂದೇ ಹೊತ್ತಿಗೆ ಒಂದೇ ದಾರಿ ಹಿಡಿಯಬೇಡ, ಜೊತೆಗೊಬ್ಬರಿರಲಿ.

ಅಂಕೋಲಾ, ಕುಮಟಾ ಕಡೆಯಿಂದ ಕೊಳ್ಳುವವರು ಅಂಗಡಿಗೇ ಹೋಗಿ ಹಿಡಿಕೆ ಹಿಡಿದು ನೋಡಿ. ಚಿಕ್ಕ ಕೈಗೆ ದೊಡ್ಡ ಹಿಡಿಕೆ ಕೊಟ್ಟರೆ ಎಂಥ ಒಳ್ಳೆಯ ಪಿಸ್ತೂಲೂ ತಿರುಗುತ್ತದೆ. ಎಡಗೈಯವರಾಗಿದ್ದರೆ ಆರ್ಡರಿನಲ್ಲೇ ಬರೆಸಿ, ಆಮೇಲೆ ಬದಲಿಸಿಕೊಡಿ ಅಂದರೆ ತಿಂಗಳುಗಟ್ಟಲೆ ಕಾಯಬೇಕಾದೀತು.